ಕಾಣದ ಭಯ, ಕಂಡ ದೆವ್ವ

ಕಾದಂಬರಿಯನ್ನು ಓದಿ ಮೆಚ್ಚಿದವರು ಅದರ ಚಿತ್ರವನ್ನು ನೋಡಿ ಬಂದು ಮುಖ ಗಂಟಿಕ್ಕುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಕನ್ನಡ ಚಲಚ್ಚಿತ್ರವು ಕಾದಂಬರಿಯ ಕೈಹಿಡಿದು ನಡೆಯತೊಡಗಿದ ದಿನದಿಂದಲೂ ಈ ಗೊಣಗು ಅದರ ಬೆನ್ನಿಗಿದೆ. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಚಿತ್ರವನ್ನು ತೆರೆಗೆ ತಂದಾಗ, ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಮೂಲ ಲೇಖಕರೇ ನೊಂದು ನುಡಿದರೆಂಬುದು ಈಗ ಮನೆಮಾತಾಗಿರುವ ಸಂಗತಿ. ಆದರೆ ಲೇಖಕರ ನೋವು ಅವರದಾಗಿ ಉಳಿಯಿತು. ಜನ ಚಿತ್ರವನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಇದರಲ್ಲಿ ಯಾರದು ತಪ್ಪು, ಯಾರದು ಸರಿ ಎಂಬ ತೀರ್ಪು ಇಲ್ಲಿ ಬೇಡ. ಸಾಮಾಜಿಕ ಕಾದಂಬರಿಯೊಂದು ಚಿತ್ರವಾದಾಗ ಒಂದು ಕಳೆದರೂ ಇನ್ನೊಂದು ದೊರೆಯುತ್ತದೆ ಎಂಬುದಷ್ಟೇ ನಾನು ಹೇಳಬಯಸುವುದು. ಪಾತ್ರದ ಒಳತೋಟಿ ಮಸುಕಾಗಬಹುದು, ಆದರೆ ದುರ್ಗದ ಕೋಟೆ ಕಣ್ಣೆದುರು ನಿಲ್ಲುತ್ತದೆ, ಒಂದು ಒಳ್ಳೆಯ ಹಾಡು ನಾಲಗೆಯ ಮೇಲೆ ಉಳಿಯುತ್ತದೆ, ಒಬ್ಬ ನಟನ ಮುಖ ಆ ಪಾತ್ರದ ಮುಖವೇ ಆಗಿಬಿಡುತ್ತದೆ.

ಭಯದ ಕಾದಂಬರಿಯ ಪಾಡು ಹಾಗಲ್ಲ. ಅದರಲ್ಲಿ ಭಯವೊಂದು ಹೋಯಿತೆಂದರೆ ಉಳಿಯುವುದು ಏನೂ ಇಲ್ಲ. ಪ್ರಿಯವಾದ ಭಯಕಾದಂಬರಿಯ ಚಿತ್ರವನ್ನು ನೋಡಿ ಹೊರಬಂದ ಓದುಗನ ಮೋರೆಯಲ್ಲಿ ಕಾಣುವುದು ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಗೆಯ ಪೆಚ್ಚು. ರಾತ್ರಿಯೆಲ್ಲ ದೀಪ ಆರಿಸಲು ಬಿಡದಿದ್ದ ಪುಸ್ತಕ ಇದೇನೇ ಎಂದು ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ. ಈ ಪೆಚ್ಚಿನ ಮೂಲವೇನು ಎಂಬುದನ್ನು ವಿಚಾರಿಸುವುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ನಿರುಪಯೋಗಿಯಲ್ಲವೆಂದು ನನಗೆ ತೋರುತ್ತದೆ. ನಾನಿರುವ ಕಲಬುರಗಿಯಂಥ ಊರಿನಲ್ಲಂತೂ ಇದು ಬರಿಯ ರಸವಿಚಾರವಾಗಿ ಉಳಿಯದು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಭರತಮುನಿ ರಸಗಳನ್ನು ಎಣಿಸುವಾಗ ಭಯಾನಕವನ್ನೂ ಬೀಭತ್ಸವನ್ನೂ ಬೇರೆ ಬೇರೆಯಾಗಿಯೇ ಎಣಿಸಿದ್ದಾನೆ. ಒಂದರ ಸ್ಥಾಯಿ ಭಯ, ಇನ್ನೊಂದರ ಸ್ಥಾಯಿ ಜುಗುಪ್ಸೆ. ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ಉರುಹೊಡೆಯುವ ವಿದ್ಯಾರ್ಥಿಗಳಿಗೆ ಇದೊಂದು ಪಟ್ಟಿ ಮಾತ್ರ. ಆದರೆ ಈ ವಿಂಗಡಣೆಯಲ್ಲಿ ಅನುಭವದ ತಿರುಳಿದೆ. ಬೀಭತ್ಸಕ್ಕೆ ವಸ್ತು ಎದುರಿಗೆ ಬೇಕು: ರಕ್ತ, ಕೊಳೆತ ಮಾಂಸ, ಹುಳು. ಅದು ಕಂಡೊಡನೆ ನಾವು ಮುಖ ತಿರುಗಿಸುತ್ತೇವೆ. ತಿರುಗಿಸಿದೊಡನೆ ಅದರ ಕೆಲಸ ಮುಗಿಯುತ್ತದೆ. ಭಯಕ್ಕೆ ವಸ್ತು ಎದುರಿಗೆ ಬೇಕಿಲ್ಲ. ಅಟ್ಟದ ಮೇಲಿನ ಸದ್ದು ಇಲಿಯದೋ ಮತ್ತೇನೋ ಎಂದು ತಿಳಿಯದಿರುವಷ್ಟು ಹೊತ್ತು ಮಾತ್ರ ಅದಕ್ಕೆ ಆಯುಸ್ಸು. ಏಣಿ ಹಾಕಿ ಹತ್ತಿ ನೋಡಿದರೆ, ಅಲ್ಲಿ ಕಂಡದ್ದು ನಿಜವಾಗಿ ದೆವ್ವವೇ ಆದರೂ, ಆ ಮೊದಲಿನ ಭಯ ಮುಗಿದು ಬೇರೊಂದು ಭಾವ ಹುಟ್ಟಿರುತ್ತದೆ. ಆನಂದವರ್ಧನನ ಧ್ವನಿಗೆ ಭಯಾನಕದಷ್ಟು ಒಪ್ಪುವ ರಸ ಇನ್ನೊಂದಿಲ್ಲವೆಂದರೆ ಅತಿಶಯೋಕ್ತಿಯಾಗಬಹುದೇನೋ. ಆದರೂ ಆ ಮಾತನ್ನು ಆಡುವ ಆಸೆ ನನಗೆ ತಪ್ಪುವುದಿಲ್ಲ. ನಮ್ಮ ಚಿತ್ರಕಾರರಲ್ಲಿ ಹೆಚ್ಚಿನವರು ಮಾಡುವುದೆಂದರೆ ಭಯಾನಕವನ್ನು ತೆಗೆದುಕೊಂಡು ಬೀಭತ್ಸವನ್ನು ಹಿಂದಿರುಗಿಸುವುದು. ಅದೂ ಆಗದಿದ್ದರೆ ಕಿವಿಯ ಹತ್ತಿರ ಪಟಾಕಿ ಹೊಡೆದಂತೆ ಒಂದು ಸದ್ದು ಮಾಡಿ ಬೆಚ್ಚಿಬೀಳಿಸುವುದು. ಬೆಚ್ಚುವುದು ಬೇರೆ, ಹೆದರುವುದು ಬೇರೆ. ಬೆಚ್ಚಿದವನು ಮರುಗಳಿಗೆ ನಗುತ್ತಾನೆ.

ಕನ್ನಡ ಕಾವ್ಯದಲ್ಲಿ ಇದಕ್ಕೊಂದು ನಿದರ್ಶನವನ್ನು ಕೇಳಿದರೆ ನಾನು ದೂರ ಹುಡುಕುವುದಿಲ್ಲ. 13ನೆಯ ಶತಮಾನದ ಆರಂಭದಲ್ಲಿ ಜನ್ನ ಬರೆದ ‘ಯಶೋಧರಚರಿತೆ’ಯನ್ನು ತೆರೆಯುತ್ತೇನೆ. ರಾಜನಾದ ಯಶೋಧರನು ಕೆಟ್ಟ ಕನಸಿನ ನೆಪ ಹೇಳಿ ಮನಸ್ಸಿನ ಕ್ಲೇಶವನ್ನು ತಾಯಿಯ ಮುಂದೆ ಮುಚ್ಚಿಟ್ಟಾಗ, ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಅಹಿಂಸೆಯನ್ನು ನಂಬಿದ ಮಗ ಒಪ್ಪನು. ಕೊನೆಗೆ ಜೀವವಿಲ್ಲದ ಹಿಟ್ಟಿನ ಹುಂಜವೊಂದನ್ನು ಮಾಡಿಸಿ ಕಡಿಯುವುದೆಂದು ಇಬ್ಬರೂ ಒಂದು ಒಪ್ಪಂದಕ್ಕೆ ಬರುತ್ತಾರೆ. ಕತ್ತಿ ಬೀಳುವ ಹೊತ್ತಿಗೆ ಆ ಹಿಟ್ಟಿನ ಹುಂಜ ಕೂಗುತ್ತದೆ. ಒಂದು ಬೆಂತರ ಅದರೊಳಗೆ ಸೇರಿಕೊಂಡಿತ್ತೆಂದು ಕವಿ ಹೇಳುತ್ತಾನೆ, ನಿಜ. ಆದರೆ ಓದುಗನನ್ನು ಅಲುಗಿಸುವುದು ಬೆಂತರವಲ್ಲ. ಕೊಂದದ್ದು ಹಿಟ್ಟನ್ನು ಎಂಬ ಸಮಾಧಾನ ಆ ಒಂದು ಕೂಗಿನಲ್ಲಿ ಕುಸಿದುಬೀಳುತ್ತದೆ. ಮನಸ್ಸಿನಲ್ಲಿ ಮಾಡಿದ ಕೊಲೆ ಕೊಲೆಯೇ ಎಂಬುದು ಕಿವಿಗೆ ಕೇಳಿಸುತ್ತದೆ. ಹುಂಜದ ಬಣ್ಣ, ಗಾತ್ರ, ಕೊಕ್ಕು ಯಾವುದೂ ಆ ಗಳಿಗೆಯಲ್ಲಿ ನಮಗೆ ಬೇಕಾಗಿಲ್ಲ. ಇದನ್ನು ಈಗಿನ ಗಣಕಯಂತ್ರದ ಕೈಚಳಕದಿಂದ ತೆರೆಯ ಮೇಲೆ ತೋರಿಸಿದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ. ಹಿಟ್ಟಿನ ಕುತ್ತಿಗೆ ಚಾಚುತ್ತದೆ, ಹಿಟ್ಟಿನ ಕೊಕ್ಕು ತೆರೆಯುತ್ತದೆ. ಮುಂದಿನ ಸಾಲಿನ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ.

ಪಶ್ಚಿಮದವರು ಈ ಹಾದಿಯಲ್ಲಿ ನಮಗಿಂತ ಮೊದಲೇ ನಡೆದು, ನಮಗಿಂತ ಮೊದಲೇ ಎಡವಿದವರು. ಇಪ್ಪತ್ತು ದಾಟಿರದ ವಯಸ್ಸಿನಲ್ಲಿ ಮೇರಿ ಶೆಲ್ಲಿ ಬರೆದ ‘ಫ್ರಾಂಕೆನ್‌ಸ್ಟೈನ್’ 1818ರಲ್ಲಿ ಪ್ರಕಟವಾಯಿತು. ಅದರಲ್ಲಿ ವಿಜ್ಞಾನಿಯ ಕೈಯಿಂದ ಹುಟ್ಟಿದ ಆ ವಿಕಾರರೂಪಿ ಒಂದು ಬಡ ಕುಟುಂಬದ ಮಾತುಕತೆಯನ್ನು ಮರೆಯಲ್ಲಿ ನಿಂತು ಕೇಳಿ ಭಾಷೆ ಕಲಿಯುತ್ತಾನೆ. ಮಿಲ್ಟನ್ನನ ಮಹಾಕಾವ್ಯವನ್ನು, ಪ್ಲುಟಾರ್ಕನ ಜೀವನಚರಿತ್ರೆಗಳನ್ನು, ಗಯಟೆಯ ‘ವೆರ್ಟರ್’ ಕಾದಂಬರಿಯನ್ನು ಓದುತ್ತಾನೆ. ತನ್ನನ್ನು ಸೃಷ್ಟಿಸಿದವನ ಮುಂದೆ ನಿಂತು ನನಗೇಕೆ ಈ ಗತಿ ಎಂದು ವಾದಿಸುತ್ತಾನೆ. ಅವನ ಮಾತು ನ್ಯಾಯವಾಗಿದೆ ಎಂಬುದೇ ಆ ಕಾದಂಬರಿಯ ದೊಡ್ಡ ಭಯ. 1931ರಲ್ಲಿ ಜೇಮ್ಸ್ ವೇಲ್ ಅದನ್ನು ಚಿತ್ರ ಮಾಡಿದಾಗ ಅವನ ನಾಲಗೆಯನ್ನೇ ಕಿತ್ತುಹಾಕಲಾಯಿತು. ತಲೆಯೊಳಗೆ ಅಪರಾಧಿಯೊಬ್ಬನ ಮಿದುಳನ್ನು ಇಟ್ಟದ್ದಾಯಿತು. ಗುರುಗುಟ್ಟುವುದೊಂದೇ ಅವನ ಭಾಷೆಯಾಯಿತು. ಬೋರಿಸ್ ಕಾರ್ಲಾಫ್ ಆ ಮೂಕ ಪಾತ್ರಕ್ಕೆ ತಂದ ಕರುಣೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಇಂದು ಲೋಕಕ್ಕೆ ಗೊತ್ತಿರುವುದು ಆ ಮೂಕನೇ ಹೊರತು ಮಿಲ್ಟನ್ನನನ್ನು ಓದಿದವನಲ್ಲ. ಹೆಸರಿಲ್ಲದ ಅವನಿಗೆ ಅವನನ್ನು ಸೃಷ್ಟಿಸಿದವನ ಹೆಸರೇ ಅಂಟಿಕೊಂಡುಬಿಟ್ಟಿದೆ.

ಹಾಗಾದರೆ ಮೂಲಕ್ಕೆ ಚಾಚೂ ತಪ್ಪದೆ ನಡೆದುಕೊಂಡರೆ ಸಾಕೇ? ಸಾಲದು ಎಂಬುದಕ್ಕೆ ಸ್ಟೀಫನ್ ಕಿಂಗ್ ಅವರ ಪ್ರಸಂಗವೇ ಸಾಕ್ಷಿ. ಅವರ ‘ದಿ ಶೈನಿಂಗ್’ 1977ರ ಕಾದಂಬರಿ. 1980ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಅದನ್ನು ತಮ್ಮದೇ ರೀತಿಯಲ್ಲಿ ಚಿತ್ರವಾಗಿಸಿದಾಗ ಕಿಂಗ್ ಅಸಮಾಧಾನಗೊಂಡರು. ಒಳ್ಳೆಯವನೊಬ್ಬ ಮೆಲ್ಲಮೆಲ್ಲನೆ ಕೆಡುವ ಕಥೆಯನ್ನು ಮೊದಲೇ ಕೆಟ್ಟವನ ಕಥೆ ಮಾಡಿದರೆಂಬುದು ಅವರ ದೂರು. ದೂರಿನಲ್ಲಿ ಹುರುಳಿದೆ. 1997ರಲ್ಲಿ ಕಿಂಗ್ ತಾವೇ ಚಿತ್ರಕಥೆ ಬರೆದು ಅದನ್ನು ದೂರದರ್ಶನದ ಕಿರುಧಾರಾವಾಹಿಯಾಗಿ ಮತ್ತೆ ತೆಗೆಸಿದರು. ಕಾದಂಬರಿಯಲ್ಲಿ ಹೋಟೆಲಿನ ತೋಟದಲ್ಲಿ ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಹಸುರು ಪೊದೆಗಳಿವೆ. ನಾವು ಬೇರೆ ಕಡೆ ನೋಡಿ ಮತ್ತೆ ತಿರುಗಿದಾಗ ಅವು ಇದ್ದಲ್ಲಿ ಇರುವುದಿಲ್ಲ. ಒಂದು ಹೆಜ್ಜೆ ಹತ್ತಿರ ಬಂದಿರುತ್ತವೆ. ಪುಸ್ತಕದಲ್ಲಿ ಇದನ್ನು ಓದುವಾಗ ಬೆನ್ನು ತಣ್ಣಗಾಗುತ್ತದೆ. ಕುಬ್ರಿಕ್ ಆ ಪೊದೆಗಳನ್ನು ಕೈಬಿಟ್ಟು ಅಲ್ಲಿ ಒಂದು ಚಕ್ರವ್ಯೂಹದಂಥ ತೋಟವನ್ನಿಟ್ಟರು. ಕಿಂಗ್ ಅವರ ಧಾರಾವಾಹಿಯಲ್ಲಿ ಪೊದೆಗಳು ನಿಷ್ಠೆಯಿಂದ ನಡೆದಾಡಿದವು, ಕಂಡವರು ನಕ್ಕರು. ನೋಡದಿರುವಾಗ ಮಾತ್ರ ಚಲಿಸುವುದನ್ನು ನೋಡುವುದಕ್ಕಾಗಿಯೇ ಹುಟ್ಟಿದ ಯಂತ್ರದಿಂದ ತೋರಿಸಹೊರಟರೆ ಇನ್ನೇನಾದೀತು?

ಶರ್ಲಿ ಜಾಕ್ಸನ್ ಅವರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ 1959ರಲ್ಲಿ ಬಂದದ್ದು. ಎರಡು ಸಲ ಚಲಚ್ಚಿತ್ರವಾಯಿತು. 1963ರಲ್ಲಿ ರಾಬರ್ಟ್ ವೈಸ್ ತೆಗೆದ ಕಪ್ಪುಬಿಳುಪಿನ ಚಿತ್ರದಲ್ಲಿ ದೆವ್ವ ಎಲ್ಲಿಯೂ ಕಾಣುವುದಿಲ್ಲ. ಗೋಡೆಯಾಚೆ ಬಡಿತದ ಸದ್ದು, ಒಳಕ್ಕೆ ಉಬ್ಬುವ ಮರದ ಬಾಗಿಲು, ಕತ್ತಲಲ್ಲಿ ಗೆಳತಿಯ ಕೈ ಹಿಡಿದಿದ್ದೇನೆಂದು ನಂಬಿದ ಹೆಣ್ಣಿಗೆ ದೀಪ ಹತ್ತಿದಾಗ ಗೆಳತಿ ದೂರದಲ್ಲಿರುವುದು ಕಾಣುವ ಗಳಿಗೆ—ಇಷ್ಟೇ. 1999ರಲ್ಲಿ ಅದೇ ಕಾದಂಬರಿಯನ್ನು ಮತ್ತೆ ತೆಗೆದವರ ಬಳಿ ಹಣವಿತ್ತು, ಗಣಕಯಂತ್ರವಿತ್ತು. ಮನೆಯ ವಿಗ್ರಹಗಳು ಜೀವ ತಳೆದವು, ಪರದೆಗಳಲ್ಲಿ ಮುಖಗಳು ಮೂಡಿದವು, ಕೊನೆಗೆ ದೆವ್ವವೇ ಎದ್ದು ಬಂದು ಘರ್ಜಿಸಿತು. ಮೊದಲನೆಯದನ್ನು ನಾನು ವಿದ್ಯಾರ್ಥಿಗಳಿಗೆ ಶಿಫಾರಸು ಮಾಡುತ್ತೇನೆ. ಎರಡನೆಯದನ್ನು ಅವರು ನನ್ನ ಶಿಫಾರಸಿಲ್ಲದೆಯೇ ನೋಡಿರುತ್ತಾರೆ.

ಇನ್ನು ನಮ್ಮ ಸೀಮೆಗೆ ಬರೋಣ. ಕಲಬುರಗಿ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಊರು. ಬ್ರಹ್ಮಪುರದ ಓಣಿಗಳಲ್ಲಿ ಇಂದಿಗೂ ಕನ್ನಡದ ಜೊತೆಗೆ ಉರ್ದು, ತೆಲುಗು, ಮರಾಠಿಗಳು ಹೆಗಲಿಗೆ ಹೆಗಲು ತಾಗಿಸಿ ನಡೆಯುತ್ತವೆ. ಇಂಥಲ್ಲಿ ತೆಲುಗಿನ ಜನಪ್ರಿಯ ಕಾದಂಬರಿ ಪರಕೀಯವಾಗಿ ಬರುವುದಿಲ್ಲ, ಪಕ್ಕದ ಮನೆಯಿಂದ ಬಂದಂತೆ ಬರುತ್ತದೆ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಹಾಗೆ ಬಂದ ಕೃತಿ. 1980ರ ದಶಕದ ಆರಂಭದಲ್ಲಿ ತೆಲುಗು ಓದುಗರನ್ನು ಹುಚ್ಚೆಬ್ಬಿಸಿ, ಕನ್ನಡಕ್ಕೆ ಅನುವಾದವಾಗಿ ಇಲ್ಲಿಯ ಓದುಗರನ್ನೂ ಅಷ್ಟೇ ಬಲವಾಗಿ ಹಿಡಿಯಿತು. ನನ್ನ ತಲೆಮಾರಿನವರು ಅದನ್ನು ಓದಿದ್ದು ರಟ್ಟು ಕಿತ್ತುಹೋದ, ಕೊನೆಯ ಪುಟಗಳಿಗೆ ಅಂಟು ಹಚ್ಚಿದ ಪ್ರತಿಗಳಲ್ಲಿ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಹಿರಿಯರ ಕಣ್ಣು ತಪ್ಪಿಸಿ.

ಕಥೆಯನ್ನು ಬಲ್ಲವರಿಗೆ ಮತ್ತೆ ಹೇಳಬೇಕಿಲ್ಲ; ಬಲ್ಲದವರಿಗೆ ಇಷ್ಟು ಸಾಕು. ತುಳಸಿ ಎಂಬ ಪುಟ್ಟ ಹುಡುಗಿಯ ಹೆಸರಿನಲ್ಲಿ ದೊಡ್ಡ ಮೊತ್ತವೊಂದಿದೆ. ಆ ಹಣದ ಮೇಲೆ ಕಣ್ಣಿಟ್ಟವರು ಅವಳನ್ನು ಕೊಲ್ಲಲು ಕ್ಷುದ್ರವಿದ್ಯೆಯ ಮಾಂತ್ರಿಕನೊಬ್ಬನ ಮೊರೆಹೋಗುತ್ತಾರೆ. ಮಗು ನರಳತೊಡಗುತ್ತದೆ. ಒಂದು ಕಡೆ ಮಾಂತ್ರಿಕನ ಹೋಮ, ಇನ್ನೊಂದು ಕಡೆ ವೈದ್ಯರ ಪರೀಕ್ಷೆ, ಸಂಮೋಹನ ವಿದ್ಯೆ ಬಲ್ಲವರ ತರ್ಕ. ಕಾದಂಬರಿಯ ಶಕ್ತಿ ಇರುವುದು ಮಾಂತ್ರಿಕನ ವರ್ಣನೆಯಲ್ಲಿ ಎಂದು ಹಲವರು ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಡೆದ ಪ್ರತಿಯೊಂದಕ್ಕೂ ಎರಡು ವಿವರಣೆಗಳನ್ನು ಲೇಖಕರು ಜೊತೆಜೊತೆಯಾಗಿ ಸಾಗಿಸುವುದರಲ್ಲಿದೆ ಅದರ ಶಕ್ತಿ. ಮಂತ್ರವನ್ನು ನಂಬುವ ಓದುಗ ತನ್ನ ದಾರಿಯಲ್ಲಿ ಹೋಗುತ್ತಾನೆ, ವಿಜ್ಞಾನವನ್ನು ನಂಬುವವನು ತನ್ನ ದಾರಿಯಲ್ಲಿ. ಇಬ್ಬರ ಕಾಲಿನ ಕೆಳಗಿನ ನೆಲವೂ ಆಗಾಗ ಜಾರುತ್ತದೆ. ನಂಬುವವನಿಗೆ ವೈದ್ಯನ ಮಾತು ಸರಿಯಿರಬಹುದೇ ಎಂಬ ಅಳುಕು, ನಂಬದವನಿಗೆ ಮಾಂತ್ರಿಕನ ಮಾತು ಸರಿಯಿರಬಹುದೇ ಎಂಬ ಅಳುಕು.

ಈ ಎರಡು ದಾರಿಗಳ ಉಪಾಯವನ್ನು ಎಲ್ಲರೂ ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ತೆಲುಗಿನ ಖ್ಯಾತ ಲೇಖಕಿ ರಂಗನಾಯಕಮ್ಮನವರು ಈ ಕಾದಂಬರಿ ಮೂಢನಂಬಿಕೆಗೆ ನೀರೆರೆಯುತ್ತದೆಂದು ಕಟುವಾಗಿ ಖಂಡಿಸಿ ಪುಸ್ತಕವನ್ನೇ ಬರೆದರು. ಇದು ತುಳಸಿದಳವಲ್ಲ, ಗಾಂಜಾದ ದಮ್ಮು ಎಂಬುದು ಅವರ ಅಭಿಪ್ರಾಯವಾಗಿತ್ತು. ಆ ಕೋಪದಲ್ಲಿ ನ್ಯಾಯವಿದೆ. ಮಂತ್ರಕ್ಕೂ ವಿಜ್ಞಾನಕ್ಕೂ ಸಮಾನ ಪೀಠ ಹಾಕುವುದು ವಿಜ್ಞಾನಕ್ಕೆ ಮಾಡುವ ಅವಮಾನವೆಂದು ವಾದಿಸಬಹುದು. ಆದರೂ ಸಂಶಯಕ್ಕೆ ಎಡೆಯಿಟ್ಟ ಪುಸ್ತಕಕ್ಕೂ ಸಂಶಯವನ್ನೇ ಅಳಿಸಿದ ಚಿತ್ರಕ್ಕೂ ನಡುವೆ ಅಂತರವಿದೆ, ಮತ್ತು ಆ ಅಂತರ ಸಣ್ಣದಲ್ಲ.

1985ರಲ್ಲಿ ವೇಮಗಲ್ ಜಗನ್ನಾಥರಾಯರ ನಿರ್ದೇಶನದಲ್ಲಿ ‘ತುಳಸಿದಳ’ ಕನ್ನಡ ಚಿತ್ರವಾಯಿತು. ಅದನ್ನು ಚಿತ್ರವಾಗಿ ಮೊದಲು ಕಂಡವರಿಗೆ ಅದರ ಬಗ್ಗೆ ಮಮತೆಯಿರುವುದು ಸಹಜ. ಪುಸ್ತಕವನ್ನು ಮೊದಲು ಓದಿದ ನನ್ನಂಥವರ ಪಾಲಿಗೆ ಅದು ಪುಸ್ತಕದ ಪಕ್ಕದಲ್ಲಿ ನಿಲ್ಲಲಾರದೆ ಹೋಯಿತು. ದೋಷವನ್ನು ನಟರ ಮೇಲಾಗಲಿ, ಆ ಕಾಲದ ತಾಂತ್ರಿಕ ಸೌಕರ್ಯದ ಕೊರತೆಯ ಮೇಲಾಗಲಿ ಹೊರಿಸಲು ನನಗೆ ಮನಸ್ಸಿಲ್ಲ. ತೊಡಕು ಚಿತ್ರಭಾಷೆಯ ಬುಡದಲ್ಲಿಯೇ ಇದೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಗದ್ಯದಲ್ಲಿ ನಾನು ಹೀಗೆ ಬರೆಯಬಲ್ಲೆ: ಮಾಂತ್ರಿಕ ಬೊಂಬೆಗೆ ಸೂಜಿ ಚುಚ್ಚಿದನು, ಅದೇ ಹೊತ್ತಿಗೆ, ಎಷ್ಟೋ ಹರದಾರಿ ದೂರದಲ್ಲಿ, ನಾಲ್ಕು ದಿನಗಳಿಂದ ಜ್ವರದಲ್ಲಿದ್ದ ಮಗು ಚೀರಿತು. ‘ನಾಲ್ಕು ದಿನಗಳಿಂದ ಜ್ವರದಲ್ಲಿದ್ದ’ ಎಂಬ ಆ ಒಂದು ವಿಶೇಷಣ ವೈದ್ಯನಿಗೆ ಬಾಗಿಲು ತೆರೆದಿಡುತ್ತದೆ. ಚಿತ್ರದಲ್ಲಿ ಸೂಜಿ ಕಾಣುತ್ತದೆ, ಮರುಕ್ಷಣ ಚೀರುವ ಮಗು ಕಾಣುತ್ತದೆ. ಎರಡು ದೃಶ್ಯಗಳನ್ನು ಒಂದರ ಬೆನ್ನಿಗೊಂದು ಅಂಟಿಸಿದರೆ ಅವುಗಳ ನಡುವೆ ‘ಆದ್ದರಿಂದ’ ಎಂಬ ಪದವನ್ನು ಪ್ರೇಕ್ಷಕ ತಾನೇ ತುಂಬಿಕೊಳ್ಳುತ್ತಾನೆ. ಚಿತ್ರಸಂಕಲನದ ವ್ಯಾಕರಣದಲ್ಲಿ ‘ಆದರೆ’, ‘ಒಂದು ವೇಳೆ’, ‘ಎನ್ನುತ್ತಾರೆ’ ಎಂಬ ಅವ್ಯಯಗಳಿಗೆ ಜಾಗ ತೀರ ಕಡಿಮೆ. ಸಂಶಯವೆಲ್ಲ ಇರುವುದು ಆ ಅವ್ಯಯಗಳಲ್ಲಿ. ಕುಶಲನಾದ ನಿರ್ದೇಶಕ ಈ ಕೊರತೆಯನ್ನು ದಾಟಲು ದಾರಿ ಹುಡುಕುತ್ತಾನೆ. ಉಳಿದವರು ‘ಆದ್ದರಿಂದ’ದ ಮೇಲೆಯೇ ಇಡೀ ಚಿತ್ರವನ್ನು ಕಟ್ಟುತ್ತಾರೆ.

2008ರಲ್ಲಿ ರಾಮಗೋಪಾಲ ವರ್ಮಾ ಹಿಂದಿಯಲ್ಲಿ ತೆಗೆದ ‘ಫೂಂಕ್’ ಇದಕ್ಕೆ ಸ್ಪಷ್ಟವಾದ ನಿದರ್ಶನ. ‘ತುಳಸಿದಳ’ವನ್ನು ಓದಿದವರು ಆ ಚಿತ್ರದಲ್ಲಿ ಅದರ ನೆರಳನ್ನು ಕಾಣದೆ ಇರಲಾರರು. ಕನ್ನಡದ ಸುದೀಪ್ ಹಿಂದಿ ತೆರೆಗೆ ಕಾಲಿಟ್ಟದ್ದು ಅದರಲ್ಲಿಯೇ; ಹಿಂದಿ ಚಿತ್ರಗಳಿಗೆ ಮೊದಲಿನಿಂದ ಒಲಿದ ನಮ್ಮ ಊರಿನಲ್ಲಿ ಅದಕ್ಕೊಂದು ವಿಶೇಷ ಕುತೂಹಲವೂ ಇತ್ತು. ದೇವರನ್ನು ನಂಬದ ಕಟ್ಟಡ ನಿರ್ಮಾಪಕ, ಅವನ ಪುಟ್ಟ ಮಗಳು, ಅವಮಾನಗೊಂಡ ಸಹೋದ್ಯೋಗಿಗಳು ಮಾಡಿಸಿದ ಮಾಟ. ವೈದ್ಯರು ಬರುತ್ತಾರೆ, ಆದರೆ ಸೋಲುವುದಕ್ಕಾಗಿಯೇ ಬರುತ್ತಾರೆ. ಕೊನೆಗೆ ಮಾಂತ್ರಿಕನೊಬ್ಬನ ಪ್ರತಿಮಂತ್ರದಿಂದ ಮಗು ಉಳಿಯುತ್ತದೆ, ನಾಸ್ತಿಕ ತಲೆಬಾಗುತ್ತಾನೆ. ಕಾದಂಬರಿಯ ಎರಡು ದಾರಿಗಳಲ್ಲಿ ಒಂದಕ್ಕೆ ಗೋಡೆ ಕಟ್ಟಿಬಿಟ್ಟರು. ಚಿತ್ರಮಂದಿರದಲ್ಲಿ ಒಬ್ಬನೇ ಕುಳಿತು ಈ ಚಿತ್ರವನ್ನು ಪೂರ್ತಿ ನೋಡಿದವನಿಗೆ 5 ಲಕ್ಷ ರೂಪಾಯಿ ಬಹುಮಾನವೆಂಬ ಘೋಷಣೆಯೂ ಆಗ ಹೊರಟಿತ್ತು. ಪುಸ್ತಕವನ್ನು ಒಬ್ಬರೇ ಕುಳಿತು ಓದಲು ಯಾರೂ ಯಾರಿಗೂ ಬಹುಮಾನ ಒಡ್ಡಿರಲಿಲ್ಲ.

ಆ ಚಿತ್ರದಲ್ಲಿ ಮಾಟದ ಮೂಲವೆಂದು ಬೆರಳು ತೋರಿಸಿದ್ದು ಒಬ್ಬ ಹೆಂಗಸಿನ ಕಡೆಗೆ. ನಾನು ಮುಂದೆ ಹೇಳುತ್ತೇನೆಂದ ಕಾರಣ ಇಲ್ಲಿಂದ ಆರಂಭವಾಗುತ್ತದೆ.

ಬೆಂಗಳೂರಿನಲ್ಲಿ ಕುಳಿತು ಈ ಚಿತ್ರವನ್ನು ನೋಡಿದವರಿಗೆ ಮಾಟವೆಂಬುದು ಎರಡು ಗಂಟೆಯ ರೋಮಾಂಚನ. ನಮ್ಮ ಕಡೆ ಅದಕ್ಕೆ ಒಂದು ಹೆಸರಿದೆ, ಒಂದು ಚರಿತ್ರೆಯಿದೆ. ಬಾಣಾಮತಿ ಅಥವಾ ಭಾನಾಮತಿ ಎಂಬ ಆ ಹೆಸರು ಕಲಬುರಗಿ, ಬೀದರ ಜಿಲ್ಲೆಗಳ ಕನ್ನಡದಲ್ಲಿಯೂ ತೆಲಂಗಾಣದ ತೆಲುಗಿನಲ್ಲಿಯೂ ಮರಾಠವಾಡದ ಮರಾಠಿಯಲ್ಲಿಯೂ ಒಂದೇ. ಹಳೆಯ ಹೈದರಾಬಾದ್ ಸಂಸ್ಥಾನ ಮೂರು ಭಾಷೆಗಳಾಗಿ ಒಡೆದು ಮೂರು ರಾಜ್ಯಗಳಿಗೆ ಹಂಚಿಹೋದರೂ ಈ ಭಯ ಮಾತ್ರ ಒಡೆಯದೆ ಉಳಿಯಿತು. ಮನೆಯ ಮೇಲೆ ಕಲ್ಲು ಬೀಳುವುದು, ಪೆಟ್ಟಿಗೆಯಲ್ಲಿಟ್ಟ ಸೀರೆಗೆ ಬೆಂಕಿ ತಗಲುವುದು, ಹೆಂಗಸರು ನಾಯಿಯಂತೆ ಬೊಗಳುವುದು—ಇವೆಲ್ಲ ಅದರ ಲಕ್ಷಣಗಳೆಂದು ಹಳ್ಳಿಗಳಲ್ಲಿ ಹೇಳುತ್ತಾರೆ. ಇದರಲ್ಲಿ ಬಹುಪಾಲು ಮನಸ್ಸಿನ ಬೇನೆ, ಹೇಳಿಕೊಳ್ಳಲಾರದ ಸಂಕಟ ಮೈಯ ಮೂಲಕ ಹೊರಬರುವ ರೀತಿ ಎಂದು ಮನೋವೈದ್ಯರು ವಿವರಿಸುತ್ತಾರೆ. ಬೊಗಳುವ ಹೆಂಗಸನ್ನು ಕಂಡು ಮರುಗುವವರೂ ಇದ್ದಾರೆ. ಆದರೆ ಮಾಟಕ್ಕೆ ಒಳಗಾದವಳು ಒಬ್ಬಳಿದ್ದರೆ ಮಾಡಿಸಿದವಳು ಇನ್ನೊಬ್ಬಳು ಇರಲೇಬೇಕೆಂಬ ತರ್ಕ ಅಲ್ಲಿಗೆ ನಿಲ್ಲುವುದಿಲ್ಲ. ಆ ಇನ್ನೊಬ್ಬಳು ಸಾಮಾನ್ಯವಾಗಿ ಯಾರಾಗಿರುತ್ತಾಳೆ? ಗಂಡನಿಲ್ಲದವಳು, ನೆಲದ ವ್ಯಾಜ್ಯದಲ್ಲಿ ಎದುರು ನಿಂತವಳು, ಓಣಿಯ ಕೊನೆಯ ಮನೆಯಲ್ಲಿ ಒಂಟಿಯಾಗಿ ಇರುವವಳು. ಮಂತ್ರೋಚ್ಚಾರಣೆ ಕೆಡಲೆಂದು ಶಂಕಿತರ ಹಲ್ಲು ಕಿತ್ತ ಸಂಗತಿಗಳು ತೆಲಂಗಾಣದ ಹಳ್ಳಿಗಳಿಂದ ಪತ್ರಿಕೆಗಳಲ್ಲಿ ವರದಿಯಾಗಿವೆ. 2017ರಲ್ಲಿ ಕರ್ನಾಟಕದ ಶಾಸನಸಭೆ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು ಕಾಯಿದೆ ಮಾಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಇಂಥ ನೆಲದಲ್ಲಿ ‘ಆದ್ದರಿಂದ’ ಎಂಬ ಪದ ಅಪಾಯಕಾರಿ. ಸೂಜಿ ಚುಚ್ಚಿದರು, ಆದ್ದರಿಂದ ಮಗು ಚೀರಿತು. ಮಗು ಚೀರಿತು, ಆದ್ದರಿಂದ ಯಾರೋ ಸೂಜಿ ಚುಚ್ಚಿರಬೇಕು. ಮೊದಲನೆಯ ವಾಕ್ಯವನ್ನು ತೆರೆಯ ಮೇಲೆ ಕಂಡವನು ಎರಡನೆಯದನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾನೆ. ಒಂದು ಚಿತ್ರದಿಂದ ಊರಿಗೆ ಊರೇ ಕೆಟ್ಟಿತೆಂದು ಹೇಳುವ ಜಾತಿಯವನು ನಾನಲ್ಲ. ಚಿತ್ರಗಳಿಗಿಂತ ಬಾಣಾಮತಿಯ ಭಯ ಬಹಳ ಹಳೆಯದು. ಆದರೆ ‘ತುಳಸಿದಳ’ವನ್ನು ಓದಿದ ಹುಡುಗನ ತಲೆಯಲ್ಲಿ ವೈದ್ಯನ ದನಿಯೊಂದಾದರೂ ಉಳಿದಿರುತ್ತಿತ್ತು. ಆ ದನಿ ಅಡಗಿದಾಗ ಕಳೆದುಹೋದದ್ದು ಕೇವಲ ಒಂದು ಕಾದಂಬರಿಯ ಸೊಗಸಲ್ಲ.

ಪೂರ್ತಿ ಮನೋರೋಗದ ಕಥೆಯಾದ ‘ಆಪ್ತಮಿತ್ರ’ದಲ್ಲಿಯೂ (ಅದು ಕಾದಂಬರಿಯಿಂದಲ್ಲ, 1993ರ ಮಲಯಾಳ ಚಿತ್ರದಿಂದ ಬಂದದ್ದು) ಭಾರೀ ಸರ್ಪವೊಂದು ಕಾರಣವಿಲ್ಲದೆ ಹರಿದಾಡುತ್ತದೆ. 2004ರಲ್ಲಿ ಅದನ್ನು ನೋಡಿ ಬಂದವರು ವೈದ್ಯನ ವಿವರಣೆಯನ್ನು ಒಪ್ಪಿಯೂ, ಹಾಗಾದರೆ ಆ ಹಾವೇಕೆ ಎಂದು ಕೇಳುತ್ತಿದ್ದರು. ನಮ್ಮ ಚಿತ್ರೋದ್ಯಮಕ್ಕೆ ಸಂಶಯವೆಂದರೆ ಅಷ್ಟು ಅಂಜಿಕೆ. ಇರಲಿ.

ಕೇವಲ ಧಂದೆಯವರನ್ನು ದೂರಿ ಪ್ರಯೋಜನವಿಲ್ಲ. ಸತ್ಯಜಿತ್ ರಾಯ್ ಅವರಂಥ ಮಹಾನಿರ್ದೇಶಕರೂ ಈ ಸೆಳೆತಕ್ಕೆ ಒಮ್ಮೆ ಸಿಕ್ಕಿದ್ದಾರೆ. ರವೀಂದ್ರನಾಥ ಠಾಕೂರರ ‘ಮಣಿಹಾರಾ’ ಕಥೆಯಲ್ಲಿ ಶಾಲಾಮಾಸ್ತರನೊಬ್ಬ ನದಿಯ ಘಟ್ಟದಲ್ಲಿ ಅಪರಿಚಿತನೊಬ್ಬನಿಗೆ ಫಣಿಭೂಷಣನೆಂಬ ವ್ಯಾಪಾರಿಯ ದೆವ್ವದ ಕಥೆ ಹೇಳುತ್ತಾನೆ. ಕೇಳಿ ಮುಗಿದ ಮೇಲೆ ಅಪರಿಚಿತ, ಆ ಫಣಿಭೂಷಣ ನಾನೇ, ಆದರೆ ನನ್ನ ಹೆಂಡತಿಯ ಹೆಸರು ನೀವು ಹೇಳಿದ್ದಲ್ಲ ಎನ್ನುತ್ತಾನೆ. ಒಂದು ಹೆಸರಿನಿಂದ ಇಡೀ ಕಥೆ ತಲೆಕೆಳಗಾಗುತ್ತದೆ. ಮಾಸ್ತರ ಕಟ್ಟಿದ್ದು ಸುಳ್ಳೋ, ಅವನು ಹಾಸ್ಯ ಮಾಡುತ್ತಿದ್ದಾನೋ, ಇವನು ಬದುಕಿದ್ದಾನೋ ಸತ್ತಿದ್ದಾನೋ? 1961ರ ‘ತೀನ್ ಕನ್ಯಾ’ದಲ್ಲಿ ರಾಯ್ ಈ ಕಥೆಯನ್ನು ತೆಗೆದಾಗ ಮನೆಯ ವಾತಾವರಣವನ್ನು ಅಪೂರ್ವವಾಗಿ ಕಟ್ಟಿದರು, ಕೊನೆಯಲ್ಲಿ ಮಾತ್ರ ಆ ಅಪರಿಚಿತನನ್ನು ಕಣ್ಣೆದುರೇ ಮಾಯವಾಗಿಸಿಬಿಟ್ಟರು. ಠಾಕೂರರು ತುಟಿಯಂಚಿನಲ್ಲಿ ನಕ್ಕು ಬಿಟ್ಟ ಪ್ರಶ್ನೆಗೆ ರಾಯ್ ಉತ್ತರ ಕೊಟ್ಟರು.

ಕನ್ನಡದಲ್ಲಿ ಈ ಸೆಳೆತವನ್ನು ಗೆದ್ದ ಚಿತ್ರವೊಂದಿದೆ, ಅದನ್ನು ಯಾರೂ ಭಯದ ಚಿತ್ರವೆಂದು ಕರೆಯುವುದಿಲ್ಲ. ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಕಾದಂಬರಿಯನ್ನು ಗಿರೀಶ ಕಾರ್ನಾಡರು 1973ರಲ್ಲಿ ತೆರೆಗೆ ತಂದರು. ಪೇಟೆಯಿಂದ ಹಳ್ಳಿಗೆ ಬಂದ ಕಿಟ್ಟಿಯೆಂಬ ಹುಡುಗ, ಹೆಸರು ಹಿಡಿದು ಕೂಗುವ ಹಕ್ಕಿಯ ಕಥೆಯನ್ನು ಕೇಳಿ ಕಾಡಿನ ಕಡೆ ಕಿವಿಗೊಟ್ಟಿದ್ದಾನೆ. ಅವನ ಚಿಕ್ಕಮ್ಮನ ಸ್ಥಾನದಲ್ಲಿರುವ ಕಮಲಿ, ಬೇರೊಬ್ಬಳ ಹಿಂದೆ ಹೋದ ಗಂಡನನ್ನು ಹಿಂದಕ್ಕೆ ಪಡೆಯಲು ಮಾಟದ ಮೊರೆಹೊಕ್ಕು ರಾತ್ರಿ ಕಾಡು ಹಾದು ಹೋಗುತ್ತಾಳೆ. ಅವಳನ್ನು ಕೊಲ್ಲುವುದು ಹಕ್ಕಿಯಲ್ಲ, ಭೂತವಲ್ಲ, ಮನುಷ್ಯರು. ಚಿತ್ರದುದ್ದಕ್ಕೂ ನಮಗೆ ಸಿಗುವುದು ಹುಡುಗನ ಕಣ್ಣು ಮತ್ತು ಕಿವಿ. ಅವನಿಗೆ ಅರ್ಥವಾದಷ್ಟೇ ನಮಗೆ ಕಾಣುತ್ತದೆ, ಅವನಿಗೆ ಅರ್ಥವಾಗದ್ದು ನಮ್ಮನ್ನು ಹೆದರಿಸುತ್ತದೆ. ‘ಆದ್ದರಿಂದ’ ಎಂದು ಹೇಳುವ ಅಧಿಕಾರವನ್ನು ನಿರ್ದೇಶಕರು ತಮ್ಮ ಕೈಯಿಂದ ಕೆಳಗಿಟ್ಟು ಒಬ್ಬ ಹುಡುಗನ ಕೈಗೆ ಕೊಟ್ಟಿದ್ದಾರೆ. ಅಲ್ಲಿಯ ಮಾಟವೂ ಗಂಡನನ್ನು ಕಳೆದುಕೊಳ್ಳುವ ಹೆಣ್ಣೊಬ್ಬಳ ಸಂಕಟವೇ. ಇಂದು ‘ತುಳಸಿದಳ’ವನ್ನು ಮತ್ತೆ ಚಿತ್ರವಾಗಿಸಹೊರಟವರು ಮೊದಲು ‘ಕಾಡು’ವನ್ನು ನಾಲ್ಕು ಸಲ ನೋಡಬೇಕು. ಎರಡು ಗಂಟೆಯ ಚಿತ್ರಕ್ಕಿಂತ ಕಂತುಕಂತಾಗಿ ಬರುವ ಈಗಿನ ಧಾರಾವಾಹಿಯ ರೂಪ ಅದಕ್ಕೆ ಒಗ್ಗೀತು: ಒಂದು ಕಂತು ವೈದ್ಯನ ಕಣ್ಣಿನಿಂದ, ಒಂದು ಕಂತು ತಾಯಿಯ ಕಣ್ಣಿನಿಂದ, ಒಂದು ಮಾಂತ್ರಿಕನದು. ಹಣ ಹೂಡುವವರು ಕೊನೆಗೆ ಮಾಟ ನಿಜವೋ ಸುಳ್ಳೋ ಹೇಳಿಬಿಡಿ ಎಂದು ಹಟ ಹಿಡಿಯದಿದ್ದರೆ ಸಾಕು.

ಈ ವರ್ಷ ನನ್ನ ತರಗತಿಯಲ್ಲಿ ಜನ್ನನ ಹಿಟ್ಟಿನ ಹುಂಜದ ಪ್ರಸಂಗವನ್ನು ಮುಗಿಸಿದ ಮೇಲೆ, ಅದನ್ನು ಚಿತ್ರವಾಗಿ ತೆಗೆಯುವುದಾದರೆ ಒಂದೊಂದು ದೃಶ್ಯದಲ್ಲಿ ಏನು ತೋರಿಸುವಿರಿ ಎಂದು ಬರೆದು ತರಲು ವಿದ್ಯಾರ್ಥಿಗಳಿಗೆ ಹೇಳಿದ್ದೆ. ಹೆಚ್ಚಿನವರು ಹುಂಜಕ್ಕೆ ಕೆಂಪು ಕಣ್ಣು ಇಟ್ಟರು. ಒಬ್ಬಳು ಬೆಂತರಕ್ಕೆ ಹಿನ್ನೆಲೆ ಸಂಗೀತವನ್ನೂ ಗೊತ್ತುಮಾಡಿದ್ದಳು. ಕಮಲಾಪುರದಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗನೊಬ್ಬನ ಹಾಳೆಯಲ್ಲಿ ಐದೇ ಸಾಲುಗಳಿದ್ದವು. ಕತ್ತಿ ಎತ್ತಿದ ಕೈಯವರೆಗೆ ತೋರಿಸಿ, ಅಲ್ಲಿಂದ ಮುಂದೆ ತಾಯಿ ಚಂದ್ರಮತಿಯ ಮುಖವನ್ನು ಮಾತ್ರ ತೋರಿಸಬೇಕಂತೆ, ಅವಳು ಸಮಾಧಾನದಿಂದ ಕಣ್ಣು ಮುಚ್ಚಿರುತ್ತಾಳೆ, ಕೂಗು ಕೇಳುತ್ತದೆ, ಅವಳು ಕಣ್ಣು ತೆರೆಯುತ್ತಾಳೆ. ಹುಂಜ ತೆರೆಯ ಮೇಲೆ ಬರುವುದೇ ಇಲ್ಲ. ಹತ್ತಕ್ಕೆ ಎಂಟು ಅಂಕ ಕೊಟ್ಟೆ. ಉಳಿದ ಎರಡು ಕಾಗುಣಿತದಲ್ಲಿ ಹೋದವು.